ಗುಂಡಿನ ತೂಕ ಒಂದೇ ಇರಬೇಕು, ಯಾಕೆ?

ಹೋದ ಸುಗ್ಗಿಯಲ್ಲಿ ಜೋಳದ ಹೊಲದಲ್ಲಿ ಹಕ್ಕಿ ಕಾಯುವಾಗ ನಾನು ಬೀಸಿದ ಕವಣೆ ಕಲ್ಲು ಬದು ದಾಟಿ, ಕಡಲೆ ಕೀಳುತ್ತಿದ್ದ ಚಿಗವ್ವನ ಹತ್ತಿರ ಬಿತ್ತು. ಒಂದೇ ಮೊಳದಲ್ಲಿ ತಪ್ಪಿತು. ಅಪ್ಪ ಕವಣೆ ಕಸಿದುಕೊಂಡು ಅಟ್ಟದ ಮೇಲೆ ಒಗೆದ. ಮುತ್ಯಾ ಮಾತ್ರ, "ಹಳ್ಳದಾಗಿನ ಕಲ್ಲು ಒಂದು ದೊಡ್ಡದು, ಒಂದು ಸಣ್ಣದು. ಕೈ ಹ್ಯಾಂಗ ಹದಕ್ಕ ಬರಬೇಕು?" ಅಂದ.

ಅದು ನಿಜ. ಅದೇ ಬಲದಿಂದ ಬೀಸಿದರೂ ಭಾರದ ಕಲ್ಲು ನಿಧಾನ ಹೊರಟು ಬೇಗ ನೆಲಕ್ಕೆ ಬೀಳುತ್ತದೆ. ಹಗುರಾದದ್ದು ಜೋರಾಗಿ ಹೊರಡುತ್ತದೆ, ಆದರೆ ಗಾಳಿ ಅದನ್ನು ಬೇಗ ತಡೆಯುತ್ತದೆ. ಹೀಗಾಗಿ ಎರಡೂ ಒಂದೇ ಜಾಗಕ್ಕೆ ಹೋಗುವುದಿಲ್ಲ.

ನಾನು ಎರೆಮಣ್ಣಿನಲ್ಲಿ 20 ಗುಂಡು ಮಾಡಿ ನೆರಳಲ್ಲಿ ಒಣಗಿಸಿದೆ. ನೋಡಲಿಕ್ಕೆ ಎಲ್ಲವೂ ಒಂದೇ ಥರ. ಶಾಲೆಯ ತಕ್ಕಡಿಯಲ್ಲಿ ತೂಗಿದರೆ 42 ಗ್ರಾಂನಿಂದ 61 ಗ್ರಾಂವರೆಗೆ ಬಂದವು! ಒಂದನ್ನು ಒಡೆದೆ. ಒಳಗೆ ಹರಳಿತ್ತು. ಇನ್ನೊಂದರಲ್ಲಿ ಪೊಳ್ಳಿತ್ತು.

ತೂಗುವ ಕ್ರಮ ಹೀಗಿದೆ:
1. ಮೊದಲು ಖಾಲಿ ತಕ್ಕಡಿ ಸಮ ನಿಲ್ಲುತ್ತದೋ ನೋಡಿರಿ.
2. ಒಂದೇ ಗುಂಡನ್ನು ಮೂರು ಸಲ ತೂಗಿರಿ. ಮೂರು ಸಲ ಬೇರೆ ಬೇರೆ ಬಂದರೆ ತಪ್ಪು ತಕ್ಕಡಿಯದು, ಗುಂಡಿನದಲ್ಲ.
3. ಪ್ರತಿ ಗುಂಡಿನ ತೂಕ ಬರೆಯಿರಿ.
4. ಹತ್ತಿರದ ತೂಕದವನ್ನು ಒಂದು ಗುಂಪು ಮಾಡಿರಿ. ತೀರಾ ಹೆಚ್ಚುಕಡಿಮೆ ಇದ್ದದ್ದನ್ನು ಬಿಡಿರಿ.

ಖಾಲಿ ಹೊಲದಲ್ಲಿ 20 ಹೆಜ್ಜೆ ದೂರಕ್ಕೆ ಒಂದು ಗೆರೆಸುತ್ತು ಹಾಕಿ ಒಗೆದೆ. ಬೆರಕೆ ಗುಂಡು 8ರಲ್ಲಿ 2 ಒಳಗೆ ಬಿದ್ದವು, ಆರಿಸಿದವು 8ರಲ್ಲಿ 5. ಕೈ ರೂಢಿಯಾಗಿ ಹೀಗಾಯಿತೋ ಎಂಬ ಸಂಶಯ ಬಂದು, ಮರುದಿನ ಹೊಸ ಗುಂಡು ಮಾಡಿ ಅದೊಂದು ಇದೊಂದು ಒಗೆದೆ. ಆಗಲೂ ಆರಿಸಿದವೇ ಮುಂದು.

ಬಂದೂಕಿನ ಗುರಿ ಸ್ಪರ್ಧೆಯಲ್ಲೂ ಇದೇ ಲೆಕ್ಕ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ 10 ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅದರ ಸೀಸದ ಗುಂಡು ಸುಮಾರು ಅರ್ಧ ಗ್ರಾಂ, ಅಂದರೆ ಅಕ್ಕಸಾಲಿಗರ ನಾಕು ಗುಲಗಂಜಿ ತೂಕ. ದೂರದ ಗುರಿಗೆ ಬಳಸುವ ದೊಡ್ಡ ಗುಂಡುಗಳನ್ನು 'ಗ್ರೇನ್' ಲೆಕ್ಕದಲ್ಲಿ ತೂಗುತ್ತಾರೆ. ಗ್ರೇನ್ ಎಂದರೆ ಕಾಳು! 1 ಗ್ರಾಂಗೆ ಸುಮಾರು 15.4 ಗ್ರೇನ್. 168 ಗ್ರೇನ್ ಗುಂಡು ಸುಮಾರು 10.9 ಗ್ರಾಂ. ಇವನ್ನೂ ಒಂದೊಂದಾಗಿ ತೂಗಿ ಗುಂಪು ಮಾಡುವವರಿದ್ದಾರೆ. ತೂಕ ಬಹಳ ಕಡಿಮೆ ಬಂದರೆ ಒಳಗೆ ಪೊಳ್ಳಿರಬಹುದು. ಪೊಳ್ಳು ಒಂದು ಮಗ್ಗಲಿಗಿದ್ದರೆ ತಿರುಗುವ ಗುಂಡು ಓಲಾಡುತ್ತದೆ. ಆದರೆ ತೂಕವೊಂದೇ ಸಾಲದು, ಆಕಾರವೂ ಸರಿ ಇರಬೇಕು.

ನನ್ನ ಪಟ್ಟಿ ನೋಡಿ ಅಪ್ಪ ಕವಣೆ ಇಳಿಸಿಕೊಟ್ಟ. ಎರಡು ಕರಾರು ಹಾಕಿದ: ಕಲ್ಲು ಬೇಡ, ಮಣ್ಣಿನ ಗುಂಡೇ ಇರಲಿ, ಬದುವಿನ ಆಚೆ ಯಾರಿದ್ದಾರೆ ನೋಡಿ ಕೂಗು ಹಾಕಿಯೇ ಬೀಸಬೇಕು. ತೂಕ ಸರಿ ಇದ್ದರೂ ಎಂಟರಲ್ಲಿ ಮೂರು ಹೊರಗೆ ಬಿದ್ದಿದ್ದವಲ್ಲ! ಅದನ್ನು ನಾನೂ ಮರೆಯುವುದಿಲ್ಲ, ನೀವೂ ಮರೆಯಬೇಡಿರಿ.