ಮಾಯದ ಬಾಯಿಹುಣ್ಣು, ಮೈಮೇಲೆ ನೀರುಗುಳ್ಳೆ



ಮೈಮೇಲೆ ನೀರುಗುಳ್ಳೆ ಎದ್ದೊಡನೆ ಸರ್ಪಸುತ್ತೆಂದು ಕೆಮ್ಮಣ್ಣು ಬಳಿದು ಕೂರುವವರು ನಮ್ಮಲ್ಲಿ ಉಂಟು. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಎದ್ದು, ಮೂರು ನಾಲ್ಕು ವಾರದಲ್ಲಿ ತಾನೇ ಒಣಗುತ್ತದೆ. ಕೆಮ್ಮಣ್ಣಿಗೆ ಹೆಸರು ಬಂದಿರುವುದು ಹಾಗೆಯೇ! ಆದರೆ ಮೈಯ ಎರಡೂ ಕಡೆ ಎದ್ದು, ಒಡೆದು, ಮಾಯದೆ ಹರಡುವ ಬೇರೊಂದು ರೋಗವಿದೆ. ಅದಕ್ಕೆ ಪೆಂಫಿಗಸ್ ಎಂದು ಹೆಸರು. ಅಪರೂಪದ್ದು ನಿಜ, ತಡಮಾಡಿದರೆ ಪ್ರಾಣಕ್ಕೇ ಅಪಾಯ.

ಬಹುಮಟ್ಟಿಗೆ ಇದು ಬಾಯಲ್ಲಿ ಮೊದಲಾಗುತ್ತದೆ. ಕೆನ್ನೆಯ ಒಳಗೆ, ವಸಡಿನಲ್ಲಿ ಹುಣ್ಣಾಗಿ ಮುದ್ದೆ ನುಂಗುವುದೂ ಕಷ್ಟವಾಗುತ್ತದೆ. ಉಷ್ಣವೆಂದು ಎಳನೀರು ಕುಡಿಸುತ್ತ ತಿಂಗಳುಗಟ್ಟಲೆ ಕಳೆಯಬೇಡಿ. ಆಮೇಲೆ ತಲೆ, ಎದೆ, ಬೆನ್ನಿನ ಮೇಲೆ ತೆಳುಗುಳ್ಳೆಗಳೆದ್ದು ಬೇಗ ಒಡೆದು ಹಸಿಗಾಯ ಉಳಿಯುತ್ತದೆ.

ಅಟ್ಟದ ಮೇಲಿಟ್ಟ ಕಾಯಿಯಲ್ಲಿ ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಳ್ಳುವುದನ್ನು ತಾವು ಬಲ್ಲಿರಿ. ಇಲ್ಲಿ ಚರ್ಮದ ಮೇಲ್ಪದರ ಕೆಳಗಿನದನ್ನು ಹಾಗೆ ಬಿಟ್ಟುಕೊಳ್ಳುತ್ತದೆ. ರೋಗವನ್ನು ತಡೆಯಬೇಕಾದ ರಕ್ತದಲ್ಲಿನ ಕಾವಲು ವಸ್ತುಗಳೇ, ಚರ್ಮದ ಕಣಗಳನ್ನು ಕೂಡಿಸಿರುವ ಅಂಟನ್ನು ಶತ್ರುವೆಂದು ಬಗೆದು ಕೆಡಿಸುತ್ತವೆ. ಬಿಟ್ಟ ಜಾಗದಲ್ಲಿ ನೀರು ತುಂಬುತ್ತದೆ. ಇದು ಮುಟ್ಟಿದರೆ ಹರಡುವ ರೋಗವಲ್ಲ, ನಾಗದೋಷವೂ ಅಲ್ಲ. ರೋಗಿಯ ತಟ್ಟೆ ಚಾಪೆಗಳನ್ನು ಬೇರೆ ಇಡುವುದು ಅನ್ಯಾಯ.

ಮೂರು ವಾರವಾದರೂ ಬಾಯಿಹುಣ್ಣು ಮಾಯದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಚರ್ಮವೈದ್ಯರಿಗೆ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಗುಳ್ಳೆಯ ಅಂಚಿನಿಂದ ಒಂದು, ಪಕ್ಕದ ಒಳ್ಳೆಯ ಚರ್ಮದಿಂದ ಇನ್ನೊಂದು ಚೂರು ತೆಗೆಯುತ್ತಾರೆ. ಮರಗಟ್ಟಿಸುವ ಸೂಜಿ ಕೊಡುವುದರಿಂದ ಹೆದರಬೇಕಾಗಿಲ್ಲ. ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೀನಿನ ಬಲೆಯಂಥ ಗೆರೆ ಕಂಡರೆ ರೋಗ ಖಚಿತ.

1950ರ ದಶಕದಲ್ಲಿ ಸ್ಟೀರಾಯ್ಡ್ ಔಷಧ ಬರುವ ಮುಂಚೆ ಇದು ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಡಾ. ಪಸ್ರಿಚಾ ಅವರು ತಿಂಗಳಿಗೊಮ್ಮೆ ಮೂರು ದಿನ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡನ್ನು ರಕ್ತನಾಳಕ್ಕೆ ಕೊಡುವ ಕ್ರಮವನ್ನು ರೂಢಿಗೆ ತಂದರು. ಈಗ ರಿಟುಕ್ಸಿಮ್ಯಾಬ್ ಎಂಬ ಔಷಧವೂ ಇದೆ, ಬೆಲೆ ಹೆಚ್ಚು.

ಹಸಿಗಾಯಕ್ಕೆ ಬೂದಿ, ಸೊಪ್ಪಿನ ರಸ ಹಚ್ಚಬೇಡಿ. ಕೀವಾಗುವುದೇ ಈ ರೋಗದಲ್ಲಿ ದೊಡ್ಡ ಗಂಡಾಂತರ. ಬಟ್ಟೆ ಗಾಯಕ್ಕೆ ಹತ್ತಿಕೊಂಡು ಕಿತ್ತುಬರುವುದರಿಂದ ನಮ್ಮ ದೇಶದ ಆಸ್ಪತ್ರೆಗಳಲ್ಲಿ ರೋಗಿಯನ್ನು ಶುಚಿಮಾಡಿದ ಬಾಳೆ ಎಲೆಯ ಮೇಲೆ ಮಲಗಿಸುವುದುಂಟು.

ಗುಳ್ಳೆ ಒಣಗಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಸ್ಟೀರಾಯ್ಡನ್ನು ಒಮ್ಮೆಲೇ ಬಿಟ್ಟರೆ ರೋಗ ಮರುಕಳಿಸಬಹುದು, ದೇಹವೂ ಕುಸಿಯಬಹುದು. ವೈದ್ಯರು ಅದನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ. ಅಲ್ಲಿಯವರೆಗೆ ಸಕ್ಕರೆ ಅಂಶ, ರಕ್ತದ ಒತ್ತಡಗಳನ್ನು ಅವರು ಹೇಳಿದ ದಿನ ತಪ್ಪದೆ ಪರೀಕ್ಷೆ ಮಾಡಿಸಿ.