ಬೂಸ್ಟರ್ ಚುಚ್ಚುಮದ್ದಿನ ನೋವೂ ಮಂಗನ ಕಾಯಿಲೆಯೂ: ಮಲೆನಾಡಿನ ದಂಪತಿಗಳು ತಿಳಿದಿರಬೇಕಾದ ವಿಷಯಗಳು

2022ರ ಜನವರಿ 10ರಂದು ನಮ್ಮ ದೇಶದಲ್ಲಿ ಕೋವಿಡ್ ಲಸಿಕೆಯ ಮುನ್ನೆಚ್ಚರಿಕೆ ಡೋಸನ್ನು ನೀಡಲು ಆರಂಭಿಸಿದಾಗ ‘ಬೂಸ್ಟರ್’ ಎಂಬ ಮಾತು ಬಹಳ ಜನರ ಕಿವಿಗೆ ಹೊಸದಾಗಿತ್ತು. ಆದರೆ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕಾಡಂಚಿನ ಗ್ರಾಮಸ್ಥರಿಗೆ ಅದು ಹಳೆಯ ಪರಿಚಯ. ಮಂಗನ ಕಾಯಿಲೆಗೆ ನೀಡುತ್ತಿದ್ದ ಲಸಿಕೆಗೆ ವರ್ಷಕ್ಕೊಮ್ಮೆ ಬೂಸ್ಟರ್ ಇತ್ತು. ಅದರ ನೋವೂ ಈ ಭಾಗದ ಜನರಿಗೆ ಚೆನ್ನಾಗಿ ತಿಳಿದಿತ್ತು. ಆ ನೋವಿನ ಅನುಭವವೇ ಅನೇಕರನ್ನು ಮುಂದಿನ ಚುಚ್ಚುಮದ್ದಿನಿಂದ ದೂರವಿರಿಸಿತು. ಆದುದರಿಂದ ಅಡ್ಡಪರಿಣಾಮ ಎಂದರೇನು, ಅದು ಏಕೆ ಉಂಟಾಗುತ್ತದೆ, ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬೇಕಾಗಿಲ್ಲ ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಕುಳಿತು ವಿಚಾರ ಮಾಡುವುದು ಅಗತ್ಯ.

ಮಂಗನ ಕಾಯಿಲೆಯು ಮೊದಲು ಕಂಡುಬಂದುದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನಲ್ಲಿ ಮುಸುವಗಳೂ ಕೆಂಪು ಮಂಗಗಳೂ ಸತ್ತು ಬೀಳುತ್ತಿದ್ದವು. ಅದೇ ವೇಳೆಗೆ ಸುತ್ತಲಿನ ಹಳ್ಳಿಗಳ ಜನರು ವಿಷಮ ಜ್ವರದಿಂದ ನರಳುತ್ತಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ವರ್ಷವೇ ರೋಗಕ್ಕೆ ಕಾರಣವಾದ ವೈರಾಣುವನ್ನು ಬೇರ್ಪಡಿಸಿದರು. ವೈರಾಣುವನ್ನು ಹರಡುವುದು ಕಾಡಿನ ಉಣ್ಣೆ. ನಮ್ಮ ಕಡೆ ಉಣುಗು ಎಂದು ಕರೆಯುವ ಹುಳ. ಕಾಯಿಲೆಯ ಹೆಸರಿನಲ್ಲಿ ಮಂಗನಿದ್ದರೂ ಮಂಗನೂ ನಮ್ಮಂತೆಯೇ ಅದರ ಬಲಿ. ಮನುಷ್ಯನಿಂದ ಮನುಷ್ಯನಿಗೆ ಈ ರೋಗವು ಹರಡುವುದಿಲ್ಲ. ರೋಗ ತಗಲಿದ 100 ಮಂದಿಯಲ್ಲಿ 3ರಿಂದ 5 ಮಂದಿ ಸಾಯುವರೆಂದು ಅಂದಾಜು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರನ್ನು ಕಳೆದುಕೊಂಡ ನೆನಪು ಇನ್ನೂ ಮಾಸಿಲ್ಲ. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನಲ್ಲಿಯೂ ಸಾವು ಸಂಭವಿಸಿತು.

ಲಸಿಕೆಯ ಶಿಬಿರದಲ್ಲಿ ಕೇಳಿದ ಮಾತು

ಲಸಿಕೆ ಕೊಡುತ್ತಿದ್ದ ದಿನಗಳಲ್ಲಿ ಶಾಲೆಯ ಜಗುಲಿಯ ಮೇಲೆ ನಡೆಯುತ್ತಿದ್ದ ಶಿಬಿರಗಳಲ್ಲಿ ಒಂದೇ ಬಗೆಯ ಮಾತು ಮತ್ತೆ ಮತ್ತೆ ಕೇಳಿಬರುತ್ತಿತ್ತು. ಅಡಿಕೆ ತೋಟದ ಯಜಮಾನರೊಬ್ಬರು ಹೇಳಿದ್ದು ಹೀಗೆ: “ಹೋದ ಸಲ ಚುಚ್ಚಿಸಿಕೊಂಡು ಮೂರು ದಿನ ತೋಳು ಎತ್ತೋಕೆ ಆಗಲಿಲ್ಲ. ಕೊನೆ ಕೊಯ್ಲಿನ ಹೊತ್ತು, ಆಳುಗಳೆಲ್ಲ ಬಂದು ನಿಂತಿದ್ರು. ಇನ್ನು ನನಗೆ ಬೇಡ ಡಾಕ್ಟ್ರೇ.” ಪಕ್ಕದಲ್ಲಿ ನಿಂತಿದ್ದ ಅವರ ಮನೆಯವರು ತಲೆ ತಗ್ಗಿಸಿ, “ಇವರು ತಗೊಂಡ್ರೆ ನಾನೂ ತಗೋತೀನಿ” ಎಂದರು. ಯಜಮಾನರು ತಗೊಳ್ಳಲಿಲ್ಲ, ಅವರೂ ಹಾಗೆಯೇ ಹಿಂದಿರುಗಿದರು.

ಆದರೆ ಚಳಿಗಾಲ ಕಳೆದೊಡನೆ ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಗು ಗುಡಿಸುವವರು ಯಾರು? ಸೌದೆ ಹೊರುವವರು ಯಾರು? ದರಗನ್ನು ಕೊಟ್ಟಿಗೆಗೆ ಹಾಸಿ, ಮರುದಿನ ಅದೇ ಕೊಟ್ಟಿಗೆಯಲ್ಲಿ ಸೆಗಣಿ ಬಾಚುವವರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಂಗಸರೇ. ಉಣ್ಣೆಯ ಮರಿಗಳು ಒಣಗಿದ ಎಲೆಗಳ ನಡುವೆ ಚುರುಕಾಗಿರುವುದು ನವೆಂಬರ್, ಡಿಸೆಂಬರಿನಿಂದ ಮೇ ತಿಂಗಳವರೆಗೆ. ಅಂದರೆ ತೋಳಿನ ನೋವು ಯಜಮಾನರದು, ನಿರ್ಧಾರವೂ ಅವರದು, ಅಪಾಯ ಮಾತ್ರ ಮನೆಯಾಕೆಯದು. ಇಂತಹ ವಿಷಯದಲ್ಲಿ ಒಬ್ಬರ ಅನುಭವದ ಮೇಲೆ ಇಬ್ಬರಿಗೂ ತೀರ್ಮಾನ ಮಾಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಆ ನೋವು ಸುಳ್ಳಾಗಿರಲಿಲ್ಲ ಎಂಬುದನ್ನೂ ಒಪ್ಪಬೇಕು. ಮಂಗನ ಕಾಯಿಲೆಯ ಲಸಿಕೆಯನ್ನು ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಲಿನ್ ಎಂಬ ರಾಸಾಯನಿಕದಿಂದ ಅದನ್ನು ಕೊಂದು ತಯಾರಿಸಲಾಗುತ್ತಿತ್ತು. ಚುಚ್ಚಿದ ಜಾಗದಲ್ಲಿ ಉರಿ, ಊತ, ನೋವು ಉಂಟಾಗುತ್ತಿದ್ದುವು. ಕೆಲವರಿಗೆ ಮೈ ಬಿಸಿಯಾಗುತ್ತಿತ್ತು. “ಇರುವೆ ಕಚ್ಚಿದಂತೆ ಅಷ್ಟೇ” ಎಂದು ಸಿಬ್ಬಂದಿ ಸಮಾಧಾನ ಹೇಳಿ ಕಳುಹಿಸಿದ ಕಡೆಗಳಲ್ಲಿ ಮರುವರ್ಷ ಜನ ಬರಲಿಲ್ಲ. ನೋವಾಗುತ್ತದೆ, ಇಷ್ಟು ದಿನ ಇರುತ್ತದೆ ಎಂದು ಮೊದಲೇ ತಿಳಿಸಿದ್ದರೆ ಅದಕ್ಕೆ ತಕ್ಕಂತೆ ಕೊಯ್ಲಿನ ದಿನವನ್ನು ಬದಲಾಯಿಸಿಕೊಳ್ಳುವಷ್ಟು ವಿವೇಕ ನಮ್ಮ ಕೃಷಿಕರಿಗೆ ಇದ್ದೇ ಇದೆ.

ಬೂಸ್ಟರ್ ಏಕೆ ಬೇಕಾಗಿತ್ತು?

ಸತ್ತ ವೈರಾಣುವಿನ ಲಸಿಕೆಯು ದೇಹಕ್ಕೆ ಶತ್ರುವಿನ ಗುರುತನ್ನು ಮಾತ್ರ ಕಲಿಸುತ್ತದೆ. ಕೆಲವು ರೋಗಗಳಲ್ಲಿ ಆ ಗುರುತು ಬಹುಕಾಲ ಉಳಿಯುತ್ತದೆ, ಕೆಲವುಗಳಲ್ಲಿ ಬೇಗ ಅಳಿಯುತ್ತದೆ. ಮಂಗನ ಕಾಯಿಲೆಯ ಲಸಿಕೆ ಎರಡನೆಯ ಬಗೆಯದು. ಆದ್ದರಿಂದ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಅನಂತರ 6ರಿಂದ 9 ತಿಂಗಳೊಳಗೆ ಒಂದು ಬೂಸ್ಟರ್, ಮುಂದೆ ವರ್ಷಕ್ಕೊಂದರಂತೆ ಐದು ವರ್ಷಗಳವರೆಗೆ ಬೂಸ್ಟರ್ ಎಂಬ ಕ್ರಮವಿತ್ತು. 2005ರಿಂದ 2010ರವರೆಗಿನ ಅವಧಿಯನ್ನು ಕುರಿತು ಕರ್ನಾಟಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಒಂದೇ ಡೋಸ್ ಪಡೆದವರಿಗೆ ರಕ್ಷಣೆ ದೊರೆತುದು ಕಂಡುಬರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ. 62.4, ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 82.9. ಇದನ್ನು ಹೀಗೆ ತಿಳಿಯಬಹುದು: ಲಸಿಕೆ ಪಡೆಯದ ಜನರ ಒಂದು ಗುಂಪಿನಲ್ಲಿ 100 ಮಂದಿಗೆ ರೋಗ ತಗಲುವುದಾದರೆ, ಅಷ್ಟೇ ದೊಡ್ಡ ಗುಂಪಿನವರೆಲ್ಲರೂ ಎರಡು ಡೋಸ್ ಪಡೆದಿದ್ದಲ್ಲಿ 38 ಮಂದಿಗೆ, ಬೂಸ್ಟರೂ ಆಗಿದ್ದಲ್ಲಿ 17 ಮಂದಿಗೆ ತಗಲುತ್ತದೆ. ಒಂದು ಡೋಸಿನ ನೋವು ತಿಂದು ಅಲ್ಲಿಗೇ ನಿಲ್ಲಿಸಿದವರು ನೋವನ್ನು ಮಾತ್ರ ಪಡೆದರು, ಫಲವನ್ನು ಪಡೆಯಲಿಲ್ಲ.

“ಚುಚ್ಚುಮದ್ದಿನಿಂದಲೇ ಕಾಯಿಲೆ ಬಂತು”

ಈ ಮಾತನ್ನು ಮೂರೂ ತಾಲ್ಲೂಕುಗಳಲ್ಲಿ ಕೇಳಿದ್ದೇನೆ. ಸತ್ತ ವೈರಾಣು ಮತ್ತೆ ಜೀವ ತಳೆದು ರೋಗ ತರಲಾರದು. ಹಾಗಾದರೆ ಲಸಿಕೆ ಪಡೆದ ವಾರದಲ್ಲಿಯೇ ಕೆಲವರು ಮಲಗಿದ್ದೇಕೆ? ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಊರಿನಲ್ಲಿ ಮಂಗ ಸತ್ತ ಸುದ್ದಿ ಕೇಳಿದ ಮೇಲೆ ಓಡಿಬಂದು ಚುಚ್ಚಿಸಿಕೊಂಡವರಲ್ಲಿ ಕೆಲವರಿಗೆ ಅಷ್ಟು ಹೊತ್ತಿಗೆ ಉಣ್ಣೆ ಕಚ್ಚಿಯಾಗಿರುತ್ತಿತ್ತು. ಲಸಿಕೆಯಿಂದ ಶಕ್ತಿ ಬರಲು ವಾರಗಳು ಬೇಕು.

ಆದುದರಿಂದ ಯಾವ ಲಸಿಕೆಯಾದರೂ ಸರಿ, ಅನಂತರ ಬಂದ ಜ್ವರವನ್ನು ‘ಚುಚ್ಚುಮದ್ದಿನ ಜ್ವರ’ ಎಂದು ಸುಮ್ಮನಿರುವುದು ಈ ಮೂರು ತಾಲ್ಲೂಕುಗಳಲ್ಲಿ ಅಪಾಯಕರ. ಲಸಿಕೆಯ ಜ್ವರವು ಸಾಮಾನ್ಯವಾಗಿ ಮರುದಿನದೊಳಗೆ ಬಂದು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಮಂಗನ ಕಾಯಿಲೆಯ ಜ್ವರವು ಇದ್ದಕ್ಕಿದ್ದಂತೆ ಏರುತ್ತದೆ. ತಲೆ ಸಿಡಿಯುತ್ತದೆ, ಸೊಂಟ ಮತ್ತು ಮೀನಖಂಡಗಳು ಹಿಂಡಿದಂತೆ ನೋಯುತ್ತವೆ, ಕಣ್ಣು ಕೆಂಪಾಗುತ್ತದೆ, ವಾಂತಿ ಭೇದಿಗಳೂ ಆಗಬಹುದು. ಮೂಗು ಅಥವಾ ವಸಡಿನಿಂದ ರಕ್ತ ಬರುವುದುಂಟು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಗಳ ನಂತರ ಮರಳಿ ಬಂದು ಮಂಪರು, ನಡುಕ ಕಾಣಿಸುತ್ತದೆ. ನೇರವಾಗಿ ಈ ವೈರಾಣುವನ್ನು ಕೊಲ್ಲುವ ಔಷಧವಿಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದವರಿಗೆ ದ್ರವ, ರಕ್ತ ಮತ್ತು ಆರೈಕೆಗಳಿಂದ ಜೀವ ಉಳಿಸಲು ಸಾಧ್ಯ. ಮನೆಯಲ್ಲಿ ಆಸ್ಪಿರಿನ್ ಜಾತಿಯ ನೋವಿನ ಮಾತ್ರೆ ನುಂಗಬಾರದು. ಅದರಿಂದ ರಕ್ತಸ್ರಾವ ಹೆಚ್ಚುತ್ತದೆ.

ಕೋವಿಡ್ ಬೂಸ್ಟರಿನ ನಂತರವೂ ನಮ್ಮ ಜನ ಹೇಳಿದ್ದು ತೋಳು ನೋವು, ಮೈ ಕೈ ನೋವು, ಒಂದು ರಾತ್ರಿಯ ಜ್ವರ, ಆಯಾಸ ಎಂದೇ. ಇವು ದೇಹವು ಪಾಠ ಕಲಿಯುತ್ತಿರುವ ಗುರುತುಗಳು. ಪ್ಯಾರಾಸಿಟಮಾಲ್ ಮಾತ್ರೆ, ಸಾಕಷ್ಟು ನೀರು, ಚುಚ್ಚಿದ ಜಾಗಕ್ಕೆ ತಣ್ಣನೆಯ ಒದ್ದೆ ಬಟ್ಟೆ, ಇಷ್ಟೇ ಉಪಚಾರ. ಆ ಜಾಗವನ್ನು ತಿಕ್ಕುವುದು, ಸುಣ್ಣ ಹಚ್ಚುವುದು ಬೇಡ. ಬಹಳ ಅಪರೂಪವಾಗಿ, ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಮುಖ ಊದಿ ಉಸಿರು ಕಟ್ಟುವಂತಾಗುವುದುಂಟು. ಅರ್ಧ ಗಂಟೆ ಕುಳಿತಿರಲು ಹೇಳುವುದು ಅದಕ್ಕಾಗಿಯೇ ಹೊರತು ಕಾಯಿಸಬೇಕೆಂದಲ್ಲ. ಕೋವಿಶೀಲ್ಡ್ ಪಡೆದವರಲ್ಲಿ ಅತ್ಯಂತ ವಿರಳವಾಗಿ ಕೆಲವು ವಾರಗಳೊಳಗೆ ರಕ್ತ ಹೆಪ್ಪುಗಟ್ಟುವ ತೊಂದರೆಯೂ ವರದಿಯಾಗಿತ್ತು. ಲಸಿಕೆಯಿಂದ ಬಂಜೆತನ ಬರುವುದೆಂಬ, ಗಂಡಸರ ಶಕ್ತಿ ಕುಂದುವುದೆಂಬ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ. ಗರ್ಭಿಣಿಯರಿಗೆ ಕೋವಿಡ್ ಲಸಿಕೆಯನ್ನು 2021ರ ಜುಲೈನಿಂದ ನೀಡಲಾಯಿತು. ಮಂಗನ ಕಾಯಿಲೆಯ ಲಸಿಕೆಯನ್ನು ಅವರಿಗೆ ಕೊಡುತ್ತಿರಲಿಲ್ಲ. ಎಲ್ಲ ಲಸಿಕೆಗಳಿಗೂ ಒಂದೇ ನಿಯಮವಿಲ್ಲ. ಆದುದರಿಂದ ಮುಟ್ಟು ತಪ್ಪಿದ್ದರೆ ಸಂಕೋಚಪಡದೆ ಆರೋಗ್ಯ ಕಾರ್ಯಕರ್ತೆಗೆ ಮೊದಲೇ ತಿಳಿಸಬೇಕು.

ಈಗ ಮಾಡಬೇಕಾದುದು

ಮಂಗನ ಕಾಯಿಲೆಯ ಆ ಹಳೆಯ ಲಸಿಕೆ ಈಗ ಇಲ್ಲ. ಅದರ ಪರಿಣಾಮ ಸಾಲದೆಂದು ಕಂಡುಬಂದುದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಹೊಸ ಲಸಿಕೆಯೊಂದು ಸಿದ್ಧವಾಗುತ್ತಿದ್ದು, ಮನುಷ್ಯರ ಮೇಲಿನ ಪರೀಕ್ಷೆಯ ಹಂತವನ್ನು ತಲುಪಿದೆ. “ನಮಗೆ ನಾಲ್ಕು ಬೂಸ್ಟರ್ ಆಗಿದೆ, ಹೆದರಿಕೆಯಿಲ್ಲ” ಎನ್ನುವವರು ಇನ್ನೂ ಇದ್ದಾರೆ. ವರ್ಷ ವರ್ಷವೂ ನವೀಕರಿಸಬೇಕಾಗಿದ್ದ ರಕ್ಷಣೆ ಅದು. ಪೆಟ್ಟಿಗೆಯಲ್ಲಿಟ್ಟ ಹಳೆಯ ಚೀಟಿಯನ್ನು ನಂಬಿ ಕಾಡಿಗೆ ಹೋಗಬಾರದು.

ಕಾಡಿಗೆ ಹೊರಡುವ ಮುನ್ನ ಕೈಕಾಲುಗಳಿಗೆ, ಕುತ್ತಿಗೆಗೆ ಡೇಪಾ ಎಣ್ಣೆಯನ್ನು ಹಚ್ಚಿಕೊಳ್ಳಬೇಕು. ರೋಗ ಕಾಣಿಸಿಕೊಳ್ಳುವ ಹಳ್ಳಿಗಳಲ್ಲಿ ಇದನ್ನು ಉಚಿತವಾಗಿ ಹಂಚಲಾಗುತ್ತದೆ. ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಇರಲಿ. ಹಿಂದಿರುಗಿದೊಡನೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಉಣ್ಣೆಯ ಮರಿ ಎಳ್ಳಿನ ಕಾಳಿಗಿಂತ ಚಿಕ್ಕದು. ಬೆನ್ನು, ಕಂಕುಳು, ಕಿವಿಯ ಹಿಂಭಾಗಗಳನ್ನು ತಾವೇ ನೋಡಿಕೊಳ್ಳಲಾಗದು. ಇದನ್ನು ಗಂಡ ಹೆಂಡತಿ ಒಬ್ಬರಿಗೊಬ್ಬರು ನೋಡಿ ತೆಗೆಯುವುದೇ ಉತ್ತಮ ಮಾರ್ಗ, ಇದಕ್ಕೆ ನಾಚಿಕೆ ಬೇಡ. ಸಿಕ್ಕಿದ ಉಣ್ಣೆಯನ್ನು ಉಗುರಿನಲ್ಲಿ ಹಿಸುಕಬಾರದು. ರೋಗ ಕಂಡುಬಂದ ಊರಿನಲ್ಲಿ ಆ ಋತುವಿನ ಮಟ್ಟಿಗಾದರೂ ದರಗು ತರುವುದನ್ನು ನಿಲ್ಲಿಸಿ ಕೊಟ್ಟಿಗೆಗೆ ಹುಲ್ಲು ಹಾಸಬಹುದು. ಖರ್ಚು ಹೆಚ್ಚೆಂಬುದು ನಿಜ; ಆಸ್ಪತ್ರೆಯ ದಾರಿಖರ್ಚಿಗೆ ಹೋಲಿಸಿದರೆ ಕಡಮೆ. ಕಾಡಿಗೆ ಮೇಯಲು ಬಿಡುವ ದನಗಳಿಗೆ ಪಶುವೈದ್ಯರು ಹೇಳಿದ ಉಣ್ಣೆನಾಶಕವನ್ನು ಹಚ್ಚಬೇಕು.

ಮಂಗ ಸತ್ತು ಬಿದ್ದುದು ಕಂಡರೆ ಮುಟ್ಟಬಾರದು, ಹತ್ತಿರ ಹೋಗಬಾರದು. ಸತ್ತ ಮಂಗನ ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣ್ಣೆಗಳು ಕೆಳಗಿಳಿದು ಸುತ್ತಲೂ ಹರಡುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಅದೇ ದಿನ ತಿಳಿಸಿದರೆ ಸಿಬ್ಬಂದಿ ಬಂದು ಆ ಜಾಗದ ಸುತ್ತ 50 ಅಡಿಯವರೆಗೆ ಮೆಲಾಥಿಯಾನ್ ಪುಡಿಯನ್ನು ಎರಚುತ್ತಾರೆ. ಅಷ್ಟರವರೆಗೆ ಮಕ್ಕಳನ್ನೂ ದನಗಳನ್ನೂ ಆ ಕಡೆಗೆ ಬಿಡಬೇಡಿ.