ಒಂದು ಮಿಲಿಮೀಟರಿನ ವಿದ್ಯೆ

ಯಮಾಹಾ ಆರ್‌ಎಕ್ಸ್ 100 ಬೈಕು ನಮ್ಮ ರಸ್ತೆಗಿಳಿದದ್ದು 1985ರಲ್ಲಿ, ಅದರ ತಯಾರಿಕೆ ನಿಂತದ್ದು 1996ರಲ್ಲಿ. ಕಾರ್ಖಾನೆಯಲ್ಲಿ ಅದರ ಆಯಸ್ಸು ಹತ್ತು ಹನ್ನೊಂದು ವರ್ಷವಷ್ಟೆ. ಆದರೂ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಅದರ ಸಿಲಿಂಡರ್ ಬ್ಲಾಕು ಬಿಚ್ಚಿ ಮುಂದಿಟ್ಟುಕೊಂಡು ಕೂತವರು ಇವತ್ತಿಗೂ ಸಿಗುತ್ತಾರೆ. ಕೈಯಲ್ಲಿ ಪುಟ್ಟ ಗ್ರೈಂಡರು, ಪಕ್ಕದಲ್ಲಿ ದುಂಡನೆಯ ಅರ, ವರ್ನಿಯರ್, ಒಂದು ಹಾಳೆ ಕಾಗದ. 98 ಸಿಸಿಯ ಒಂಟಿ ಸಿಲಿಂಡರಿನಿಂದ, ಕಂಪನಿ ಕೊಟ್ಟ 11 ಅಶ್ವಶಕ್ತಿಗಿಂತ ಹೆಚ್ಚನ್ನು ಹೊರತರುವ ಈ ಕೆಲಸಕ್ಕೆ ಗ್ಯಾರೇಜಿನಲ್ಲಿ ಪೋರ್ಟಿಂಗ್ ಅನ್ನುತ್ತಾರೆ. ಪಡ್ಡೆ ಹುಡುಗರ ಹುಚ್ಚು ಎಂದು ಇದನ್ನು ತಳ್ಳಿಹಾಕುವವರೇ ಹೆಚ್ಚು. ಹತ್ತಿರದಿಂದ ನೋಡಿದರೆ ಇದು ಅಪ್ಪಟ ಅಳತೆಯ ವಿದ್ಯೆ. ಅಳತೆ ಗೊತ್ತಿರುವವನ ಕೈಯಲ್ಲಿ ಬ್ಲಾಕು ಬದುಕುತ್ತದೆ, ಗೊತ್ತಿಲ್ಲದವನ ಕೈಯಲ್ಲಿ ಗುಜರಿಗೆ ಹೋಗುತ್ತದೆ.

ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಇಂಜಿನ್ನಿಗೆ ಫೋರ್ ಸ್ಟ್ರೋಕಿನಂತೆ ವಾಲ್ವು, ಕ್ಯಾಮ್ ಇರುವುದಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಪೋರ್ಟ್ ಎಂಬ ಕಿಂಡಿಗಳಿರುತ್ತವೆ. ಪಿಸ್ಟನ್ ಕೆಳಗಿಳಿಯುತ್ತಾ ಮೊದಲು ಎಕ್ಸಾಸ್ಟ್ ಪೋರ್ಟನ್ನು ತೆರೆಯುತ್ತದೆ, ಸುಟ್ಟ ಹೊಗೆ ಹೊರಗೆ ನುಗ್ಗುತ್ತದೆ. ಇನ್ನೂ ಸ್ವಲ್ಪ ಇಳಿದಾಗ ಟ್ರಾನ್ಸ್‌ಫರ್ ಪೋರ್ಟುಗಳು ತೆರೆದು, ಕ್ರ್ಯಾಂಕ್‌ಕೇಸಿನಲ್ಲಿ ಒತ್ತಿಕೊಂಡಿದ್ದ ಗಾಳಿ, ಪೆಟ್ರೋಲು, ಆಯಿಲ್ಲಿನ ಹೊಸ ಮಿಶ್ರಣ ಮೇಲೇರುತ್ತದೆ. ಪಿಸ್ಟನ್ ಮತ್ತೆ ಹತ್ತುವಾಗ ಎಲ್ಲ ಕಿಂಡಿಗಳೂ ಮುಚ್ಚುತ್ತವೆ. ಆರ್‌ಎಕ್ಸ್ ತನ್ನ ಗರಿಷ್ಠ ಶಕ್ತಿ ಕೊಡುವ 7,500 ಆರ್‌ಪಿಎಂನಲ್ಲಿ ಕ್ರ್ಯಾಂಕಿನ ಒಂದು ಸುತ್ತಿಗೆ ಹಿಡಿಯುವುದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಎಂಟೇ ಭಾಗ. ಹೊಗೆ ಹೋಗಬೇಕು, ಹೊಸದು ತುಂಬಬೇಕು, ತುಂಬಿದ್ದು ಹೊಗೆಯ ಹಿಂದೆಯೇ ಆಚೆ ಓಡಿಹೋಗಬಾರದು. ಇಷ್ಟೂ ನಡೆಯಬೇಕಾದದ್ದು ಅದರ ಅರ್ಧದಷ್ಟು ಹೊತ್ತಿನಲ್ಲಿ.

ಹಾಗಾದರೆ ಕಿಂಡಿ ಬೇಗ ತೆರೆದು ತಡವಾಗಿ ಮುಚ್ಚುವಂತೆ ಮಾಡಿದರೆ? ಅದೇ ಪೋರ್ಟಿಂಗ್. ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಅರದಿಂದ ಎತ್ತರಿಸಿದರೆ ಹೊಗೆ ಮುಂಚೆಯೇ ಹೊರಡುತ್ತದೆ. ಇಂಜಿನ್ ಹೆಚ್ಚಿನ ಆರ್‌ಪಿಎಂನಲ್ಲಿ ಸಲೀಸಾಗಿ ಉಸಿರಾಡುತ್ತದೆ. ಆರ್‌ಎಕ್ಸ್‌ನ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 50 ಮಿ.ಮೀ., ಬೋರ್ (ಸಿಲಿಂಡರಿನ ಒಳವ್ಯಾಸ) ಕೂಡ 50 ಮಿ.ಮೀ. ಈ ಲೆಕ್ಕದಲ್ಲಿ ಮೇಲಂಚು ಒಂದು ಮಿಲಿಮೀಟರ್ ಎತ್ತರವಾದರೆ ಕಿಂಡಿ ತೆರೆದಿರುವ ಅವಧಿ ಕ್ರ್ಯಾಂಕಿನ ಸುತ್ತಿನಲ್ಲಿ ಹೆಚ್ಚುಕಡಿಮೆ ಐದು ಡಿಗ್ರಿ ಹಿಗ್ಗುತ್ತದೆ. ಮೂರು ಮಿಲಿಮೀಟರ್ ಎತ್ತರಿಸಿದವನು ಹದಿನೈದು ಡಿಗ್ರಿಯ ಹತ್ತಿರ ಹೋದ. ಅಷ್ಟಾದರೆ ರಸ್ತೆಯ ಬೈಕು ರೇಸಿನ ಬೈಕಾಗಿಬಿಡುತ್ತದೆ: ಕೆಳಗಿನ ಪಿಕಪ್ ಸತ್ತು, ಸಿಗ್ನಲ್ಲಿನಲ್ಲಿ ಕ್ಲಚ್ಚು ಜಾರಿಸುತ್ತಾ ಒದ್ದಾಡಬೇಕು. ಹೊಸಬರಿಗೆ ಮೊದಲು ತಿಳಿಯಬೇಕಾದ ಸಂಗತಿ ಇದೇ. ಪೋರ್ಟಿಂಗ್‌ನಲ್ಲಿ ಶಕ್ತಿ ಪುಕ್ಕಟೆ ಸಿಗುವುದಿಲ್ಲ. ಮೇಲೆ ಸಿಕ್ಕಿದ್ದಕ್ಕೆ ಕೆಳಗೆ ಬೆಲೆ ಕೊಟ್ಟಿರುತ್ತೇವೆ, ಜೊತೆಗೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಪಿಸ್ಟನ್ನಿನ ಆಯಸ್ಸು ಇಳಿಯುತ್ತದೆ. ಎಷ್ಟು ಕೊಟ್ಟು ಎಷ್ಟು ಪಡೆಯಬೇಕು ಎಂದು ಮೊದಲೇ ತೀರ್ಮಾನಿಸಿ ಅಲ್ಲಿಗೇ ಕೈ ನಿಲ್ಲಿಸುವವನು ಒಳ್ಳೆಯ ಟ್ಯೂನರ್.

ಆ ತೀರ್ಮಾನಕ್ಕೆ ಬೇಕಾದ ಸಾಧನಗಳು ಅಚ್ಚರಿಯಾಗುವಷ್ಟು ಸರಳ. ಕ್ರ್ಯಾಂಕಿನ ತುದಿಗೆ 360 ಡಿಗ್ರಿ ಗುರುತಿಸಿದ ಒಂದು ತಟ್ಟೆ ಕಟ್ಟಿ, ಕಿಂಡಿಗಳು ಯಾವ ಡಿಗ್ರಿಗೆ ತೆರೆಯುತ್ತವೆ, ಯಾವ ಡಿಗ್ರಿಗೆ ಮುಚ್ಚುತ್ತವೆ ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ಹಾಳೆಯೊಂದನ್ನು ಸುರುಳಿ ಸುತ್ತಿ ಬೋರಿನೊಳಗೆ ಇಳಿಸಿ, ಕಿಂಡಿಗಳ ಅಂಚಿನ ಮೇಲೆ ಬೆರಳು ಒತ್ತಿ ಎಳೆಯುತ್ತಾರೆ. ಹಾಳೆ ಬಿಡಿಸಿದರೆ ಸಿಲಿಂಡರಿನ ಗೋಡೆಯ ನಕ್ಷೆಯೇ ಕೈಗೆ ಬರುತ್ತದೆ. ಎಷ್ಟು ಎತ್ತರ, ಎಷ್ಟು ಅಗಲ, ಎಡಬಲದ ಕಿಂಡಿಗಳು ಸಮನಾಗಿವೆಯೇ, ಎಲ್ಲವೂ ಅದರಲ್ಲಿ ಕಾಣುತ್ತದೆ. ಕಾರ್ಖಾನೆಯಿಂದ ಬಂದ ಬ್ಲಾಕಿನಲ್ಲೇ ಎರಡು ಬದಿಯ ಟ್ರಾನ್ಸ್‌ಫರ್ ಪೋರ್ಟುಗಳು ಒಂದಿಷ್ಟು ಏರುಪೇರಾಗಿರುವುದುಂಟು. ಅವನ್ನು ಸಮ ಮಾಡುವುದು, ಬ್ಲಾಕು ಮತ್ತು ಕ್ರ್ಯಾಂಕ್‌ಕೇಸು ಕೂಡುವಲ್ಲಿ ಗ್ಯಾಸ್ಕೆಟ್ಟಿನ ಹತ್ತಿರ ಉಳಿದ ಮೆಟ್ಟಿಲನ್ನು ತೆಗೆಯುವುದು, ಇವೇ ಮೊದಲ ಕೆಲಸಗಳು. ಇಲ್ಲಿ ಕಿಂಡಿ ತೆರೆದು ಮುಚ್ಚುವ ಟೈಮಿಂಗ್ ಹೆಚ್ಚೇನೂ ಬದಲಾಗುವುದಿಲ್ಲ, ಕೆಳಗಿನ ಪಿಕಪ್ಪೂ ಕೆಡುವುದಿಲ್ಲ. ಮನೆಯಲ್ಲೇ ಕೈ ಹಾಕುವವರು ಇದಕ್ಕಿಂತ ಮುಂದೆ ಹೋಗದಿರುವುದು ಲೇಸು.

ಅಗಲದ ವಿಷಯದಲ್ಲಂತೂ ಕೈ ಬಿಗಿ ಇರಲೇಬೇಕು. ಎಕ್ಸಾಸ್ಟ್ ಪೋರ್ಟನ್ನು ತೀರಾ ಅಗಲ ಮಾಡಿದರೆ ಪಿಸ್ಟನ್ ರಿಂಗು ಹಾದುಹೋಗುವಾಗ ಕಿಂಡಿಯೊಳಕ್ಕೆ ಉಬ್ಬಿ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಮುರಿದ ಚೂರು ಬೋರನ್ನೂ ಪಿಸ್ಟನ್ನನ್ನೂ ಒಟ್ಟಿಗೆ ತಿನ್ನುತ್ತದೆ. ರಸ್ತೆಯ ಬೈಕಿಗೆ ಬೋರಿನ ವ್ಯಾಸದ ಶೇಕಡಾ 65ರ ಆಸುಪಾಸೇ ಮಿತಿ. ಕೆತ್ತಿದ ಮೇಲೆ ಕಿಂಡಿಯ ಅಂಚನ್ನು ಸಣ್ಣಗೆ ಇಳಿಜಾರು ಮಾಡಿ ನಯಗೊಳಿಸದೆ ಬಿಟ್ಟ ಬ್ಲಾಕು ಎಷ್ಟು ಚೆನ್ನಾಗಿ ಓಡಿದರೂ ಅರೆಬರೆ ಕೆಲಸವೇ. ಇನ್ನು ಟ್ರಾನ್ಸ್‌ಫರ್ ಪೋರ್ಟುಗಳಲ್ಲಿ ಅಳತೆಗಿಂತ ದಿಕ್ಕು ಮುಖ್ಯ. 1920ರ ದಶಕದಲ್ಲಿ ಜರ್ಮನಿಯ ಅಡಾಲ್ಫ್ ಶ್ನ್ಯೂರ್ಲೆ ರೂಪಿಸಿದ ವಿಧಾನದಲ್ಲಿ, ಎರಡು ಬದಿಯಿಂದ ಬರುವ ಹೊಸ ಮಿಶ್ರಣ ಎಕ್ಸಾಸ್ಟಿಗೆ ಬೆನ್ನು ಹಾಕಿ ಎದುರಿನ ಗೋಡೆಯತ್ತ ಹೋಗಿ, ಅಲ್ಲಿಂದ ಮೇಲೆದ್ದು ತಿರುಗುತ್ತದೆ. ಕೆತ್ತುವಾಗ ಆ ಕೋನ ತಪ್ಪಿದರೆ ಹೊಸ ಪೆಟ್ರೋಲು ನೇರ ಸೈಲೆನ್ಸರಿಗೆ ಹೋಗುತ್ತದೆ. ಕನ್ನಡಿಯಂತೆ ಪಾಲಿಶ್ ಹೊಡೆದು ದಿಕ್ಕು ಕೆಡಿಸಿದ ಬ್ಲಾಕಿಗಿಂತ ಕಂಪನಿಯ ಒರಟು ಬ್ಲಾಕೇ ಮೇಲು.

ಆದರೆ ಟೂ ಸ್ಟ್ರೋಕಿನ ಶಕ್ತಿಯ ದೊಡ್ಡ ಗುಟ್ಟು ಇರುವುದು ಬ್ಲಾಕಿನ ಆಚೆ, ಸೈಲೆನ್ಸರಿನಲ್ಲಿ. ಪೂರ್ವ ಜರ್ಮನಿಯ ಜ್ಶೋಪೌ ಊರಿನ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಇದರ ಬೆನ್ನು ಹತ್ತಿದ. ಎಕ್ಸಾಸ್ಟ್ ಪೋರ್ಟು ತೆರೆದಾಗ ಪೈಪಿನೊಳಗೆ ಒತ್ತಡದ ಅಲೆಯೊಂದು ಹೊರಡುತ್ತದೆ. ಪೈಪು ಹಿಗ್ಗುತ್ತಾ ಹೋದರೆ ಹಿಂದಿರುಗುವ ಅಲೆ ಹೊಗೆಯನ್ನು ಎಳೆಯುತ್ತದೆ. ಮುಂದೆ ಪೈಪು ಕುಗ್ಗಿದರೆ ಹಿಂದಿರುಗುವ ಅಲೆ ತಳ್ಳುತ್ತದೆ. ಈ ತಳ್ಳು, ಕಿಂಡಿ ಮುಚ್ಚುವ ಗಳಿಗೆಗೆ ಸರಿಯಾಗಿ ಬಂದರೆ, ಆಚೆ ಓಡಿಹೋದ ಹೊಸ ಮಿಶ್ರಣ ಮತ್ತೆ ಸಿಲಿಂಡರಿಗೇ ಬಂದು ಸೇರುತ್ತದೆ. ಜೋಕಾಲಿ ತೂಗಿದಂತೆ: ಗಳಿಗೆ ತಪ್ಪಿದರೆ ಅದೇ ಕೈ ತಡೆಯಾಗುತ್ತದೆ. ಕಾಡೆನ್ 1961ರ ವೇಳೆಗೆ 125 ಸಿಸಿಯ ಒಂಟಿ ಸಿಲಿಂಡರಿನಿಂದ 25 ಅಶ್ವಶಕ್ತಿ ಪಡೆದಿದ್ದ. ಅಂದರೆ ಲೀಟರಿಗೆ 200 ಅಶ್ವಶಕ್ತಿ. ನಮ್ಮ ಆರ್‌ಎಕ್ಸ್ ಬಂದದ್ದು ಅದಾಗಿ ಕಾಲು ಶತಮಾನದ ಹತ್ತಿರಕ್ಕೆ, ಅದರ ಲೆಕ್ಕ ಲೀಟರಿಗೆ 112. ಅದೇ 1961ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರೇಸಿಗೆ ಹೋಗಿದ್ದ ಕಾಡೆನ್‌ನ ಸವಾರ ಅರ್ನ್‌ಸ್ಟ್ ಡೆಗ್ನರ್ ತಾಯ್ನಾಡಿಗೆ ಮರಳದೆ ತಪ್ಪಿಸಿಕೊಂಡು, ಆ ವಿದ್ಯೆಯೊಂದಿಗೆ ಸುಜುಕಿ ಸೇರಿದ. ಮರುವರ್ಷವೇ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಸುಜುಕಿಯ ಪಾಲಾಯಿತು.

ಇವತ್ತು ನಮ್ಮ ಗ್ಯಾರೇಜುಗಳಲ್ಲಿ ತಗಡು ಕತ್ತರಿಸಿ ಕೋನುಗಳನ್ನು ಬೆಸೆದು ಮಾಡುವ ‘ಚೇಂಬರ್’ ಕಾಡೆನ್‌ನ ಆ ಲೆಕ್ಕದ ಮೊಮ್ಮಗು. ಹಾಗಿದ್ದೂ ಲೆಕ್ಕವಿಲ್ಲದೆ ಮಾಡಿದ ಚೇಂಬರುಗಳೇ ಬೀದಿಯಲ್ಲಿ ಹೆಚ್ಚು ಎನ್ನುವುದು ಬೇಸರದ ಮಾತು. ಪೈಪಿನ ಉದ್ದ ನಿಮ್ಮ ಪೋರ್ಟ್ ಟೈಮಿಂಗ್‌ಗೂ ನೀವು ಬಯಸುವ ಆರ್‌ಪಿಎಂಗೂ ಹೊಂದಬೇಕು. ಕಂಪನಿಯ ಸೈಲೆನ್ಸರಿನೊಳಗೂ ಈ ಹಿಗ್ಗು ಕುಗ್ಗು ಇದೆ. ಅದರ ತುದಿಯ ಬ್ಯಾಫಲ್ ಕಿತ್ತೆಸೆದರೆ ಖಂಡಿತವಾಗಿ ಹೆಚ್ಚುವುದು ಸದ್ದು, ಶಕ್ತಿಯಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಮಲಗಿರುವ ಮಗು, ಮುದುಕರನ್ನು ಎಬ್ಬಿಸುವ ಆ ಸದ್ದನ್ನು ಈ ಕಸುಬಿನ ಹೆಸರಿನಲ್ಲಿ ಸಮರ್ಥಿಸಲು ಯಾರೂ ಹೋಗಬಾರದು.

ಮೈಸೂರಿನವರಿಗೆ ಈ ಮಾತುಗಳೆಲ್ಲ ಹಳೆಯ ಪರಿಚಯ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ ಜಾವಾ, ಆಮೇಲೆ ಯೆಜ್ದಿ ಎಂಬ ಟೂ ಸ್ಟ್ರೋಕ್ ಬೈಕುಗಳನ್ನು ಹೊರತಂದಿತು. ಅವುಗಳಲ್ಲಿ ಹೆಚ್ಚಿನವೂ ಒಂಟಿ ಸಿಲಿಂಡರಿನವೇ. ಎರಡು ಸೈಲೆನ್ಸರ್ ನೋಡಿ ಎರಡು ಸಿಲಿಂಡರ್ ಅಂದುಕೊಂಡವರುಂಟು. ಆರ್‌ಎಕ್ಸ್‌ನಲ್ಲಿ ಒಳಬರುವ ಮಿಶ್ರಣವನ್ನು ತೆಳುವಾದ ರೀಡ್ ಪಟ್ಟಿಗಳು ತಡೆಹಿಡಿದರೆ, ಜಾವಾದಲ್ಲಿ ಆ ಕೆಲಸ ಪಿಸ್ಟನ್ನಿನ ಸ್ಕರ್ಟಿನದು. ಹಾಗಾಗಿ ಅಲ್ಲಿ ಬ್ಲಾಕಿನ ಜೊತೆಗೆ ಪಿಸ್ಟನ್ನಿನ ಕೆಳಗಿನ ಅಂಚನ್ನು ತರಿದು ಟೈಮಿಂಗ್ ಬದಲಿಸುವ ದಾರಿಯೂ ಇತ್ತು. ತರಿದದ್ದು ಹೆಚ್ಚಾದರೆ ಪಿಸ್ಟನ್ ಬಿಸಾಡಬಹುದು, ಬ್ಲಾಕು ಉಳಿಯುತ್ತದೆ. ಕಲಿಯುವವರಿಗೆ ಇದಕ್ಕಿಂತ ದಯಾಳುವಾದ ಇಂಜಿನ್ ಇಲ್ಲ.

ಪೋರ್ಟು, ಚೇಂಬರು ಬದಲಾದ ಮೇಲೆ ಕಾರ್ಬುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಜೆಟ್ ಹಳೆಯದೇ ಉಳಿದರೆ ಅಪಾಯ ಕಟ್ಟಿಟ್ಟ ಬುತ್ತಿ. ಗಾಳಿ ಹೆಚ್ಚಾಗಿ ಪೆಟ್ರೋಲು ಅಷ್ಟೇ ಇದ್ದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಕಾಯುತ್ತದೆ, ಹಿಗ್ಗುತ್ತದೆ, ಬೋರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ಹಾಗೇ ಕ್ಲಚ್ ಹಿಡಿದು ಇಂಜಿನ್ ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡುವುದು ಹಳೆಯ ಕ್ರಮ. ಕಂದು ಬಣ್ಣವಿದ್ದರೆ ಸರಿ, ಬಿಳಿಚಿದ್ದರೆ ಜೆಟ್ ದೊಡ್ಡದಾಗಬೇಕು, ಕಪ್ಪಗೆ ಒದ್ದೆಯಾಗಿದ್ದರೆ ಚಿಕ್ಕದಾಗಬೇಕು. ಇದರಲ್ಲಿ ಊರಿನ ಪಾತ್ರವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ತೆಳು. ಇಲ್ಲಿ ಅಳೆದು ಹಾಕಿದ ಜೆಟ್ಟಿನಲ್ಲೇ ಘಾಟಿ ಇಳಿದು ಮಂಗಳೂರಿಗೆ ಹೋದರೆ, ಅಲ್ಲಿನ ದಟ್ಟ ಗಾಳಿಗೆ ಪೆಟ್ರೋಲು ಸಾಲದು. ಈಗಿನ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದೂ ಮಿಶ್ರಣವನ್ನು ತೆಳುವಾಗಿಸುವಂಥದ್ದೇ. ಹಳೆಯ ರಬ್ಬರ್ ಭಾಗಗಳಿಗೂ ಅದು ಆಗದು. ಮೂವತ್ತು ವರ್ಷ ಹಿಂದಿನ ಜೆಟ್ ನಂಬರನ್ನು ಬಾಯಿಪಾಠ ಹೇಳುವವರು ಇದನ್ನು ಗಮನಿಸಬೇಕು.

ಗ್ರೈಂಡರ್ ಮುಟ್ಟುವ ಮೊದಲು ಮಾಡಬೇಕಾದ ಕೆಲಸಗಳಿಂದಲೇ ಎಷ್ಟೋ ಬೈಕುಗಳಿಗೆ ಜೀವ ಬರುತ್ತದೆ. ಎಕ್ಸಾಸ್ಟ್ ಪೋರ್ಟಿನಲ್ಲಿ, ಸೈಲೆನ್ಸರಿನಲ್ಲಿ ಕಟ್ಟಿಕೊಂಡ ಕಾರ್ಬನ್ ಕೆರೆದು ತೆಗೆಯಿರಿ. ಕ್ರ್ಯಾಂಕಿನ ಆಯಿಲ್ ಸೀಲು ಗಾಳಿ ಎಳೆಯುತ್ತಿದೆಯೇ ನೋಡಿ: ಕಾರ್ಬುರೇಟರಿನ ಮತ್ತು ಎಕ್ಸಾಸ್ಟಿನ ಬಾಯಿ ಮುಚ್ಚಿ, ಐದಾರು ಪಿಎಸ್‌ಐ ಗಾಳಿ ತುಂಬಿ, ಗೇಜಿನ ಮುಳ್ಳು ನಿಂತಲ್ಲೇ ನಿಲ್ಲುತ್ತದೆಯೇ ಪರೀಕ್ಷಿಸಿ. ಪ್ಲಗ್ಗಿನ ತೂತಿನಿಂದ ಬೆಸುಗೆ ತಂತಿ ಇಳಿಸಿ, ಕ್ರ್ಯಾಂಕು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ವರ್ನಿಯರಿನಲ್ಲಿ ಅಳೆದರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದು ಗೊತ್ತಾಗುತ್ತದೆ. ಒಂದು ಮಿಲಿಮೀಟರಿನ ಆಸುಪಾಸಿದ್ದರೆ ಚೆಂದ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಶಕ್ತಿ ಏರುತ್ತದೆಂಬ ನಂಬಿಕೆಯೂ ಇದೆ. ಬೋರ್ ಒಂದು ಮಿಲಿಮೀಟರ್ ದೊಡ್ಡದಾದರೂ 98 ಸಿಸಿ ಆಗುವುದು 102 ಅಷ್ಟೆ. ಅದು ಸವೆತಕ್ಕೆ ಮದ್ದು, ವೇಗಕ್ಕಲ್ಲ. ಪಿಕಪ್ ಒಂದೇ ಬೇಕಿದ್ದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿ; ಟಾಪ್ ಸ್ಪೀಡ್ ಸ್ವಲ್ಪ ಇಳಿಯುತ್ತದೆ, ಇಂಜಿನ್ನಿಗೆ ಏನೂ ಆಗುವುದಿಲ್ಲ.

ಕಾನೂನಿನ ಮಾತನ್ನು ಮರೆಮಾಚುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ, ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿ ದಂಡದ ಅವಕಾಶವಿದೆ. ಆರ್‌ಎಕ್ಸ್ 135ರ ಬ್ಲಾಕು ತಂದು 100ಕ್ಕೆ ಕೂರಿಸಿದರೆ 98 ಸಿಸಿ ಎಂದು ಬರೆದ ಆರ್‌ಸಿ ಸುಳ್ಳಾಗುತ್ತದೆ. ನಿಜವಾದ ವೇಗದ ಕೆಲಸಕ್ಕೆ ಜಾಗವಿರುವುದು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮುಂತಾದ ಟ್ರ್ಯಾಕುಗಳಲ್ಲಿ. ಅಲ್ಲಿಗೆ ಹೋಗುವವರೂ ನೆನಪಿಡಬೇಕಾದದ್ದೊಂದಿದೆ: ಆರ್‌ಎಕ್ಸ್‌ಗೆ ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕೇ. ವೇಗ ಗಂಟೆಗೆ 80 ಕಿ.ಮೀ.ನಿಂದ 100ಕ್ಕೇರಿದರೆ ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟನ್ನೂ ಮೀರುತ್ತದೆ. ಬ್ರೇಕ್ ಶೂ, ಟೈರು, ಚಕ್ರದ ಬೇರಿಂಗಿಗೆ ಮೊದಲು ದುಡ್ಡು ಹಾಕದವನ ಬ್ಲಾಕಿಗೆ ಕೈ ಹಚ್ಚುವುದಿಲ್ಲ ಎಂದು ಹೇಳುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ.

ಟೂ ಸ್ಟ್ರೋಕ್ ಟ್ಯೂನಿಂಗ್ ಬಗ್ಗೆ ಅಮೆರಿಕದ ಗಾರ್ಡನ್ ಜೆನಿಂಗ್ಸ್ 1973ರಲ್ಲೇ ಕೈಪಿಡಿ ಬರೆದಿಟ್ಟ. ನಮ್ಮಲ್ಲಿ ಈ ತಿಳಿವಳಿಕೆಯ ಬಹುಪಾಲು ಕೆಲವರ ಬೆರಳಲ್ಲಿ, ಬಾಯಲ್ಲಿ ಇದೆ. ಹಳೆಯ ಟ್ಯೂನರ್‌ಗಳಿಗೆ ವಯಸ್ಸಾಗುತ್ತಿದೆ, ಅವರು ಕೆತ್ತಿದ ಬ್ಲಾಕುಗಳು ಸವೆದು ಗುಜರಿ ಸೇರುತ್ತಿವೆ. ನಿಮ್ಮ ಮನೆಯ ಮೂಲೆಯಲ್ಲೋ ಪರಿಚಯದ ಗ್ಯಾರೇಜಿನಲ್ಲೋ ಅಂಥದೊಂದು ಬ್ಲಾಕು ಬಿದ್ದಿದ್ದರೆ ತೂಕಕ್ಕೆ ಹಾಕುವ ಮುನ್ನ ಒಂದು ಹಾಳೆ ಇಳಿಸಿ ಅದರ ಪೋರ್ಟುಗಳ ನಕ್ಷೆ ತೆಗೆದುಕೊಳ್ಳಿ. ಯಾವ ಬೈಕು, ಯಾವ ಜೆಟ್, ಯಾವ ಚೇಂಬರ್, ಕೆತ್ತಿದವರು ಯಾರು ಎಂದು ಅದರ ಮೇಲೆಯೇ ಬರೆದಿಡಿ.